ಕವಲುದಾರಿಯಲ್ಲಿ ಇಬ್ಬರು ಸ್ತ್ರೀಯರು

ಮುಂಬಯಿಯ ಕನ್ನಡಿಗರಲ್ಲಿ ಬೋರಿಬಂದರದ ರೈಲು ನಿಲ್ದಾಣವನ್ನು ನೋಡದವರು ಇರಲಾರರು. ಅದರ ನಡುಗುಮ್ಮಟದ ತುದಿಯಲ್ಲಿ ನಿಂತಿರುವ ಹೆಂಗಸು ಯಾರೆಂದು ಕೇಳಿಕೊಂಡವರು ಮಾತ್ರ ವಿರಳ. ಬಲಗೈಯಲ್ಲಿ ಮೇಲೆತ್ತಿದ ದೀವಟಿಗೆ, ಎಡಗೈಯಲ್ಲಿ ಅರೆಗಳುಳ್ಳ ಚಕ್ರ. ಆಕೆಯ ಹೆಸರು ‘ಪ್ರಗತಿ’. ಕೆಳಗೆ ಕೃಷಿ, ವಾಣಿಜ್ಯ, ಇಂಜಿನಿಯರಿಂಗ್ ಇವುಗಳಿಗೂ ಒಂದೊಂದು ಪ್ರತಿಮೆ ಉಂಟು. ಇವರು ದೇವತೆಗಳಲ್ಲ, ಇವರಿಗೆ ಪುರಾಣವಿಲ್ಲ, ಪೂಜೆಯಿಲ್ಲ, ತವರುಮನೆಯೂ ಇಲ್ಲ. ಒಂದು ಭಾವನಾಮಕ್ಕೆ ಕೈಕಾಲು ಮೂಡಿಸಿ, ಸೀರೆಯಂತೆ ನೆರಿಗೆಯ ಬಟ್ಟೆ ಹೊದಿಸಿ, ಕೈಗೊಂದು ಗುರುತಿನ ವಸ್ತು ಕೊಟ್ಟು ನಿಲ್ಲಿಸಿದ್ದಾರೆ, ಅಷ್ಟೆ. ಇಂಗ್ಲಿಷರು ಇದನ್ನು ಇಲ್ಲಿಗೆ ತಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆ ಹೊತ್ತಿಗೆ ಯೂರೋಪಿನಲ್ಲಿ ಈ ಪದ್ಧತಿಯ ಜೀವಸತ್ವ ಬಹುಮಟ್ಟಿಗೆ ಬತ್ತಿಹೋಗಿತ್ತು. ಅದು ಹಸಿಯಾಗಿದ್ದಾಗ ಹೇಗಿತ್ತು, ಗುಣ ಮತ್ತು ಪ್ರಲೋಭನೆಗಳಿಗೆ ಮೈ ಕೊಡಲು ಹೊರಟ ಚಿತ್ರಕಾರರು ಎಲ್ಲಿ ಗೆದ್ದರು, ಎಲ್ಲಿ ಸೋತರು ಎಂಬುದನ್ನು ಕೆಲವೇ ಚಿತ್ರಗಳ ಆಧಾರದಿಂದ ನೋಡುವುದು ಈ ಬರಹದ ಉದ್ದೇಶ.

ಎಲ್ಲಕ್ಕೂ ಮೂಲವಾದ ಕಥೆಯೊಂದಿದೆ. ಕ್ರಿಸ್ತಪೂರ್ವ ಐದನೆಯ ಶತಮಾನದ ಪ್ರೋಡಿಕಸ್ ಎಂಬ ಗ್ರೀಕ್ ಪಂಡಿತ ಕಟ್ಟಿದ ಕಥೆ ಅದು. ಅದನ್ನು ಸಾಕ್ರಟೀಸನ ಬಾಯಲ್ಲಿ ಹೇಳಿಸಿ ಉಳಿಸಿಕೊಟ್ಟವನು ಕ್ಸೆನೊಫನ್. ಹುಡುಗುತನ ಮುಗಿದು ಯೌವನಕ್ಕೆ ಕಾಲಿಡುತ್ತಿರುವ ಹರ್ಕ್ಯುಲಿಸ್ ಯಾವ ದಾರಿ ಹಿಡಿಯಲಿ ಎಂದು ಏಕಾಂತದಲ್ಲಿ ಕುಳಿತು ಯೋಚಿಸುತ್ತಿದ್ದಾನೆ. ಇಬ್ಬರು ಎತ್ತರದ ಹೆಂಗಸರು ಬರುತ್ತಾರೆ. ಒಬ್ಬಳದು ಬಿಳಿಯ ಉಡುಪು, ತಗ್ಗಿದ ನೋಟ, ಗಂಭೀರ ನಡಿಗೆ. ಇನ್ನೊಬ್ಬಳು ಮೈಕೈ ತುಂಬಿದವಳು. ಮುಖಕ್ಕೆ ಬಣ್ಣ ಬಳಿದಿದ್ದಾಳೆ. ಯಾರಾದರೂ ತನ್ನನ್ನು ನೋಡುತ್ತಿದ್ದಾರೆಯೇ ಎಂದು ಸುತ್ತ ನೋಡುತ್ತಾಳೆ, ಮತ್ತೆ ಮತ್ತೆ ತನ್ನ ನೆರಳನ್ನೇ ನೋಡಿಕೊಳ್ಳುತ್ತಾಳೆ. ಹತ್ತಿರ ಬರುತ್ತಿದ್ದಂತೆ ಇವಳೇ ಮುಂದಕ್ಕೆ ಓಡಿಬಂದು ಮೊದಲು ಮಾತನಾಡುತ್ತಾಳೆ. ನಿನ್ನ ಹೆಸರೇನು ಎಂದು ಹರ್ಕ್ಯುಲಿಸ್ ಕೇಳಿದರೆ, ನನ್ನ ಗೆಳೆಯರು ನನ್ನನ್ನು ಸುಖವೆನ್ನುತ್ತಾರೆ, ಆಗದವರು ದುರ್ಗುಣವೆನ್ನುತ್ತಾರೆ ಎಂಬರ್ಥದ ಉತ್ತರ ಬರುತ್ತದೆ. ಈ ಒಂದು ಉತ್ತರದಲ್ಲಿರುವ ಚಾಣಾಕ್ಷತೆ ಮುಂದಿನ ಅನೇಕ ಚಿತ್ರಗಳಲ್ಲಿ ಇಲ್ಲ.

ನಮಗೆ ತಟ್ಟನೆ ಕಠೋಪನಿಷತ್ತಿನ ಶ್ರೇಯಸ್ಸು-ಪ್ರೇಯಸ್ಸುಗಳು ನೆನಪಾಗುತ್ತವೆ. ಹೋಲಿಕೆ ಸಹಜವೇ, ಆದರೆ ಅದನ್ನು ಬಹಳ ದೂರ ಎಳೆಯಬಾರದು. ಅಲ್ಲಿ ಅವು ಎರಡು ತತ್ತ್ವಗಳು. ಇಲ್ಲಿ ಇಬ್ಬರು ಹೆಂಗಸರು, ನಡುವೆ ಒಬ್ಬ ಗಂಡಸು. ಚಿತ್ರಕಾರನಿಗೆ ಬೇಕಾದದ್ದು ಈ ವ್ಯತ್ಯಾಸವೇ.

ಇವರೇಕೆ ಹೆಂಗಸರಾದರು? ಕಾರಣ ಅರ್ಧಪಾಲು ವ್ಯಾಕರಣದ್ದು. ಗ್ರೀಕಿನಲ್ಲೂ ಲ್ಯಾಟಿನ್ನಿನಲ್ಲೂ ಸದ್ಗುಣವನ್ನು ಹೇಳುವ ಶಬ್ದ ಸ್ತ್ರೀಲಿಂಗ, ಭೋಗವನ್ನು ಹೇಳುವ ಶಬ್ದವೂ ಸ್ತ್ರೀಲಿಂಗ. ಕುರ್ಚಿ ಹೆಣ್ಣೋ ಗಂಡೋ ಎಂದು ಹಿಂದಿ-ಮರಾಠಿಗಳ ನಡುವೆ ತಡವರಿಸಿದ ನಮ್ಮಂಥವರಿಗೆ ಇದು ಬೇಗ ಅರ್ಥವಾದೀತು. ಕನ್ನಡದಲ್ಲಿ ಲಿಂಗವು ಅರ್ಥವನ್ನು ಹಿಂಬಾಲಿಸುತ್ತದೆ. ಸದ್ಗುಣವೂ ‘ಅದು’, ದುರ್ಗುಣವೂ ‘ಅದು’. ಅಚ್ಚ ಕನ್ನಡದ ಮನಸ್ಸೊಂದೇ ಈ ಕಥೆ ಕಟ್ಟಿದ್ದರೆ ಅವುಗಳಿಗೆ ಸೀರೆ ಉಡಿಸುವ ಯೋಚನೆ ಬರುತ್ತಿತ್ತೋ ಇಲ್ಲವೋ. ಸಂಸ್ಕೃತದಲ್ಲಿ ಬಂದಿದೆ: ಹನ್ನೊಂದನೆಯ ಶತಮಾನದ ಕೃಷ್ಣಮಿಶ್ರನ ‘ಪ್ರಬೋಧಚಂದ್ರೋದಯ’ದಲ್ಲಿ ವಿವೇಕ, ಮಹಾಮೋಹರು ರಾಜರು, ಶಾಂತಿ, ಶ್ರದ್ಧೆ, ಕರುಣೆಯರು ಸ್ತ್ರೀಯರು. ಅಲ್ಲಿಯೂ ಪಾತ್ರ ಹಂಚಿದ್ದು ವ್ಯಾಕರಣವೇ.

ಮಧ್ಯಯುಗದ ಚಿತ್ರಕಲೆಯಲ್ಲಿ ಹೆಚ್ಚಾಗಿ ಕಾಣದ ಹರ್ಕ್ಯುಲಿಸನ ಈ ಕವಲುದಾರಿ ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಮತ್ತೆ ತಲೆಯೆತ್ತಿತು. ಎರ್ವಿನ್ ಪನೋಫ್‌ಸ್ಕಿ ಎಂಬ ಜರ್ಮನ್ ವಿದ್ವಾಂಸ ಈ ಒಂದೇ ವಿಷಯದ ಮೇಲೆ 1930ರಲ್ಲಿ ದೊಡ್ಡ ಗ್ರಂಥ ಬರೆದ. ಆತ ಅದರೊಳಗೆ ಸೇರಿಸಿಕೊಂಡ ಒಂದು ಪುಟ್ಟ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಸುಮಾರು 1504ರಲ್ಲಿ, ಇಪ್ಪತ್ತೊಂದರ ಆಸುಪಾಸಿನ ರಾಫೆಲ್ ಬರೆದದ್ದು; ಒಂದೊಂದು ಬದಿ ಹದಿನೇಳು ಸೆಂಟಿಮೀಟರಿನಷ್ಟೇ. ಲಾರೆಲ್ ಗಿಡದ ಕೆಳಗೆ ಯುವಯೋಧನೊಬ್ಬ ಗುರಾಣಿಗೊರಗಿ ನಿದ್ರಿಸುತ್ತಿದ್ದಾನೆ. ಎಡಕ್ಕೆ ಸಾದಾ ಉಡುಪಿನವಳು ಖಡ್ಗ ಮತ್ತು ಪುಸ್ತಕ ಹಿಡಿದಿದ್ದಾಳೆ. ಬಲಕ್ಕೆ ಇನ್ನೊಬ್ಬಳು ಹೂವು ನೀಡುತ್ತಿದ್ದಾಳೆ. ಎಡದವಳ ಹಿಂದೆ ಕಡಿದಾದ ಬಂಡೆ, ಕೋಟೆ. ಬಲದವಳ ಹಿಂದೆ ತಗ್ಗಿನ ನೆಲ, ನೀರು. ಇದು ರೋಮಿನ ವೀರ ಸಿಪಿಯೋ ಕಂಡ ಕನಸು ಎಂದು ಪನೋಫ್‌ಸ್ಕಿ ವಾದಿಸಿದ. ಇರಬಹುದು. ಆದರೆ ಚಿತ್ರವನ್ನೇ ನೋಡಿದರೆ ಜಗಳದ ಸುಳಿವೇ ಇಲ್ಲ. ಹೂ ಹಿಡಿದವಳು ಕೆಟ್ಟವಳಾಗಿ ಕಾಣುವುದಿಲ್ಲ. ಮುಖದಲ್ಲಿ ಇಬ್ಬರೂ ಅಕ್ಕತಂಗಿಯರಂತಿದ್ದಾರೆ. ಖಡ್ಗ, ಪುಸ್ತಕ, ಹೂವು ಮೂರೂ ಬಾಳಿಗೆ ಬೇಕಲ್ಲವೇ ಎಂದು ಕೇಳುವ ಚಿತ್ರ ಇದು ಎಂದು ಓದಿದವರೂ ಇದ್ದಾರೆ. ನನಗೆ ಅವರ ಮಾತೇ ಹೆಚ್ಚು ಒಪ್ಪಿಗೆ.

ಈ ವಸ್ತುವಿಗೆ ಶಾಶ್ವತವೆನ್ನುವಂಥ ಆಕಾರ ಕೊಟ್ಟವನು ಅನ್ನಿಬಾಲೆ ಕರಾಚ್ಚಿ. ರೋಮಿನ ಫಾರ್ನೇಸೆ ಅರಮನೆಯಲ್ಲಿ ಕಾರ್ಡಿನಲ್ ಓದೊಆರ್ದೊ ಫಾರ್ನೇಸೆಯ ಓದುಕೋಣೆಯ ಚಾವಣಿಗೆಂದು ಆತ 1596ರ ಸುಮಾರಿಗೆ ಬರೆದ ‘ಹರ್ಕ್ಯುಲಿಸನ ಆಯ್ಕೆ’ ಈಗ ನೇಪಲ್ಸಿನ ಕಾಪೊದಿಮೊಂತೆ ಸಂಗ್ರಹಾಲಯದಲ್ಲಿದೆ, ಅರಮನೆಯಲ್ಲಿರುವುದು ನಕಲು. ನಡುವೆ ಕುಳಿತ ಹರ್ಕ್ಯುಲಿಸ್ ಕಲ್ಲಿನಲ್ಲಿ ಕಡೆದ ಹಾಗಿದ್ದಾನೆ. ಹಿಂದೆ ಒಂದು ತಾಳೆಯ ಜಾತಿಯ ಮರ. ಎಡಕ್ಕೆ ನಿಂತ ಸದ್ಗುಣದೇವಿ ಅಂಕುಡೊಂಕಾಗಿ ಬೆಟ್ಟ ಹತ್ತುವ ದಾರಿಯನ್ನು ತೋರಿಸುತ್ತಾಳೆ. ತುದಿಯಲ್ಲಿ ರೆಕ್ಕೆಯ ಕುದುರೆ ಕಾದಿದೆ. ಅವಳ ಕಾಲ ಬಳಿ ಲಾರೆಲ್ ಧರಿಸಿದ ಕವಿಯೊಬ್ಬ ಪುಸ್ತಕ ಹಿಡಿದು ಕೂತಿದ್ದಾನೆ. ಈ ದಾರಿ ಹತ್ತಿದರೆ ನಿನ್ನ ಕೀರ್ತಿಯನ್ನು ನಾನು ಬರೆಯುತ್ತೇನೆ ಎಂಬಂತೆ. ಬಲಕ್ಕೆ ಭೋಗದೇವಿ, ತೆಳುವಾದ ಬಟ್ಟೆಯಲ್ಲಿ, ನಮಗೆ ಬೆನ್ನು ಹಾಕಿ. ಅವಳು ತೋರಿಸುವ ಕಡೆ ಇಸ್ಪೀಟು ಎಲೆಗಳು, ಮುಖವಾಡಗಳು, ವಾದ್ಯಗಳು.

ಚಿತ್ರ ಬಹಳ ಸೊಗಸಾದದ್ದು. ಆದರೆ ಎಲ್ಲಿ ಕರಾಚ್ಚಿಯ ಕುಂಚ ಸಂತೋಷಪಟ್ಟಿದೆ ಎಂದು ನೋಡಿ. ಬೆಟ್ಟದ ದಾರಿ ಒಂದು ನಕ್ಷೆ. ಸದ್ಗುಣದೇವಿ ಒಂದು ಕೈಮರ. ಭೋಗದೇವಿಯ ಬೆನ್ನು, ತೆಳುಬಟ್ಟೆ ಅದರ ಮೇಲೆ ಜಾರುವ ರೀತಿ, ವಾದ್ಯಗಳ ಮೇಲಿನ ಬೆಳಕು, ಇಲ್ಲಿ ಬಣ್ಣಕ್ಕೆ ಜೀವ ಬಂದಿದೆ. ಈ ವರ್ಗದ ಚಿತ್ರಗಳಿಗೆಲ್ಲ ಅಂಟಿಕೊಂಡಿರುವ ತೊಡಕು ಇದು. ಚಿತ್ರಕಲೆ ಕಣ್ಣಿನ ಕಲೆ. ಕಣ್ಣಿಗೆ ಹಿತವಾದದ್ದನ್ನು ಬಿಟ್ಟುಬಿಡು ಎಂದು ಕಣ್ಣಿಗೆ ಹಿತವಾಗುವಂತೆ ಹೇಳಬೇಕು. ಸಂಗೀತ, ನಾಟಕ ಇವನ್ನು ಪ್ರಲೋಭನೆಯ ಪಾಲಿಗೆ ಹಾಕಿದಾಗ ಚಿತ್ರಕಲೆ ಯಾರ ಪಾಲಿಗೆ ಬರಬೇಕು? ಈ ಪ್ರಶ್ನೆಯನ್ನು ಕರಾಚ್ಚಿ ಕೇಳಿಕೊಂಡಂತಿಲ್ಲ.

ಅಥವಾ ಕೇಳಿಕೊಂಡು ಬೇರೆ ಕಡೆ ಉತ್ತರ ಕೊಟ್ಟನೋ ಏನೋ. ಓದುಕೋಣೆ ಮುಗಿಯುತ್ತಿದ್ದಂತೆ ಅದೇ ಕಾರ್ಡಿನಲ್, ಅದೇ ಅರಮನೆಯ ಹಜಾರದ ಚಾವಣಿಯನ್ನು ಅದೇ ಚಿತ್ರಕಾರನಿಗೆ ಒಪ್ಪಿಸಿದ. 1597ರಲ್ಲಿ ಆರಂಭವಾದ ಆ ಕೆಲಸದ ವಸ್ತು ದೇವತೆಗಳ ಪ್ರಣಯ! ಅಲ್ಲಿ ನಮ್ಮ ಹರ್ಕ್ಯುಲಿಸ್ ಮತ್ತೆ ಸಿಗುತ್ತಾನೆ. ಐಯೋಲೆ ಎಂಬ ಹೆಣ್ಣಿನ ಪಕ್ಕದಲ್ಲಿ ಕುಳಿತು ಕಂಜರದಂಥ ವಾದ್ಯ ಬಾರಿಸುತ್ತಿದ್ದಾನೆ. ಅವನ ಸಿಂಹಚರ್ಮವನ್ನೂ ಗದೆಯನ್ನೂ ಅವಳು ತೆಗೆದುಕೊಂಡಿದ್ದಾಳೆ. ಓದುಕೋಣೆಯಲ್ಲಿ ಬೆಟ್ಟ ಹತ್ತಬೇಕಾಗಿದ್ದವನು ಹಜಾರದಲ್ಲಿ ವಾದ್ಯ ಹಿಡಿದು ಕೂತಿದ್ದಾನೆ. ಹದಿನೇಳನೆಯ ವಯಸ್ಸಿಗೇ ಕಾರ್ಡಿನಲ್ ಪದವಿಗೇರಿ, ಇಪ್ಪತ್ತೆರಡು-ಇಪ್ಪತ್ತಮೂರರ ವಯಸ್ಸಿನಲ್ಲಿ ಈ ಚಿತ್ರಗಳನ್ನು ಬರೆಸಿದ ಯಜಮಾನನಿಗೆ ಎರಡೂ ಬೇಕಾಗಿದ್ದವು. ಎರಡನೆಯದೇ ಹೆಚ್ಚಿನ ಕಲಾಕೃತಿ ಎಂಬುದನ್ನು ರೋಮಿಗೆ ಹೋದವರಾರೂ ಅಲ್ಲಗಳೆದಿಲ್ಲ.

ಕರಾಚ್ಚಿಗಿಂತ ಮೂವತ್ತು ವರ್ಷ ಹಿಂದೆ, 1565ರ ಸುಮಾರಿಗೆ, ವೆನಿಸಿನ ವೆರೊನೀಸ್ ಈ ಕಥೆಗೆ ಬೇರೊಂದು ತಿರುವು ಕೊಟ್ಟಿದ್ದ. ಅವನ ನಾಯಕ ಗದೆ-ಸಿಂಹಚರ್ಮಗಳ ಹರ್ಕ್ಯುಲಿಸನಲ್ಲ. ಬಿಳಿಯ ರೇಷ್ಮೆ ತೊಟ್ಟ ವೆನಿಸಿನ ಶ್ರೀಮಂತ. ಕೂತು ಯೋಚಿಸುವುದಿಲ್ಲ, ಓಡುತ್ತಾನೆ; ಲಾರೆಲ್ ಮುಡಿದವಳ ತೋಳಿಗೆ ಹೋಗಿ ಬೀಳುತ್ತಾನೆ. ಹಿಂದೆ ಕುಳಿತವಳ ಉದ್ದನೆಯ ಉಗುರುಗಳು ಅವನ ಕಾಲುಚೀಲವನ್ನು ಸೀಳಿವೆ. ಅವಳ ಆಸನದ ಬಳಿ ಸ್ಫಿಂಕ್ಸ್ ಪ್ರತಿಮೆ, ಅದಕ್ಕೊರಗಿಸಿದ ಚೂರಿ. ಗೌರವವೂ ಸದ್ಗುಣವೂ ಸತ್ತ ಮೇಲೆ ಅರಳುತ್ತವೆ ಎಂದು ಮೇಲೆ ಲ್ಯಾಟಿನ್ನಿನಲ್ಲಿ ಕೆತ್ತಿದಂತೆ ಬರೆದಿದೆ. ಚೂರಿಯೂ ಬರಹವೂ ನನ್ನ ಮಟ್ಟಿಗೆ ಹೆಚ್ಚಿನವು. ಹರಿದ ಕಾಲುಚೀಲ ಸಾಕಿತ್ತು. ಪ್ರಲೋಭನೆಯನ್ನು ಬಿಟ್ಟು ಬರುವವನು ಗಾಯವಿಲ್ಲದೆ ಬರುವುದಿಲ್ಲ, ಅಷ್ಟೇ ಅಲ್ಲ, ಸ್ವಲ್ಪ ಹಾಸ್ಯಾಸ್ಪದನಾಗಿಯೂ ಬರುತ್ತಾನೆ. ಅಷ್ಟು ಬೆಲೆಯ ರೇಷ್ಮೆ, ಮೀನಖಂಡದ ಮೇಲೆ ಹರುಕು! ಇದನ್ನು ಕಂಡವನು ಮನುಷ್ಯರನ್ನು ಕಂಡವನು.

ಈ ಚಿತ್ರ ಈಗ ನ್ಯೂಯಾರ್ಕಿನ ಫ್ರಿಕ್ ಸಂಗ್ರಹದಲ್ಲಿದೆ. 1912ರಲ್ಲಿ ಇದನ್ನು ಕೊಂಡ ಹೆನ್ರಿ ಕ್ಲೇ ಫ್ರಿಕ್ ಕೋಕ್-ಉಕ್ಕಿನ ಉದ್ಯಮಿ. 1892ರಲ್ಲಿ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯ ಕಾರ್ಮಿಕರ ವಿರುದ್ಧ ಖಾಸಗಿ ಕಾವಲುಪಡೆಯನ್ನು ಕರೆಸಿದವನು, ಆ ಘರ್ಷಣೆಯಲ್ಲಿ ಎರಡೂ ಕಡೆ ಜನ ಸತ್ತರು. ಸದ್ಗುಣದ ಚಿತ್ರಗಳಿಗೆ ಹಣ ಕೊಟ್ಟವರು ಯಾರು ಎಂದು ಹುಡುಕುತ್ತ ಹೋದರೆ ಇಂಥ ಹೆಸರುಗಳು ಸಿಗುತ್ತಲೇ ಇರುತ್ತವೆ. ಇದನ್ನು ಹೇಳುವುದರಿಂದ ಚಿತ್ರ ಸಣ್ಣದಾಗುವುದಿಲ್ಲ. ಚಿತ್ರದ ಮೇಲೆ ಬರೆದ ಉಪದೇಶ ಸ್ವಲ್ಪ ಸಣ್ಣದಾಗುತ್ತದೆ.

ಹಣದ ಮಾತು ಬಂದದ್ದರಿಂದ ಇನ್ನೂ ಹಿಂದಕ್ಕೆ, ಪಾದುವಾ ನಗರಕ್ಕೆ ಹೋಗಬೇಕಾಗಿದೆ. ಅಲ್ಲಿನ ಬಡ್ಡಿ ವ್ಯವಹಾರದ ಕುಬೇರ ರೆಜಿನಾಲ್ದೊ ಸ್ಕ್ರೊವೆನ್ಯಿಯನ್ನು ಕವಿ ದಾಂತೆ ತನ್ನ ನರಕದಲ್ಲಿ, ಬಡ್ಡಿಗಾರರ ಸಾಲಿನಲ್ಲಿ, ಮನೆತನದ ಲಾಂಛನವಿರುವ ಚೀಲವನ್ನು ಕೊರಳಿಗೆ ಕಟ್ಟಿ ಕೂರಿಸಿದ್ದಾನೆ. ಆತನ ಮಗ ಎನ್ರಿಕೊ ಕಟ್ಟಿಸಿದ ಪ್ರಾರ್ಥನಾ ಮಂದಿರ 1305ರಲ್ಲಿ ಪ್ರತಿಷ್ಠೆಯಾಯಿತು. ಒಳಗಿನ ಭಿತ್ತಿಚಿತ್ರಗಳು ಜೊತ್ತೊನವು. ಮೇಲಿನ ಸಾಲುಗಳಲ್ಲಿ ಮೇರಿಯ ಮತ್ತು ಕ್ರಿಸ್ತನ ಕಥೆ ಬಣ್ಣದಲ್ಲಿದೆ. ಕೆಳಗೆ, ನಿಂತವರ ಕಣ್ಣಿಗೆ ಹತ್ತಿರವಾಗಿ, ಬೂದುಬಣ್ಣದಲ್ಲಿ, ಅಮೃತಶಿಲೆಯ ವಿಗ್ರಹಗಳೆಂದೇ ಭ್ರಮೆ ಹುಟ್ಟಿಸುವಂತೆ ಬರೆದ ಹದಿನಾಲ್ಕು ಆಕೃತಿಗಳಿವೆ: ಒಂದು ಗೋಡೆಗೆ ಏಳು ಗುಣ, ಎದುರು ಗೋಡೆಗೆ ಏಳು ದೋಷ.

ಜೊತ್ತೊ ಇಲ್ಲಿ ಮಾಡಿದ್ದು ಮುಂದೆ ಬಂದವರಿಗೆ ಕಷ್ಟವಾಯಿತು. ಆತ ದೋಷಗಳನ್ನು ಸುಂದರವಾಗಿಸಲೂ ಇಲ್ಲ, ಬರಿದೆ ವಿಕಾರವಾಗಿಸಲೂ ಇಲ್ಲ. ಆ ದೋಷ ತನ್ನೊಡೆಯನಿಗೆ ಏನು ಮಾಡುತ್ತದೆ ಎಂಬುದನ್ನೇ ಮೈಯಾಗಿಸಿದ. ಅಸೂಯೆ ಒಬ್ಬ ಮುದುಕಿ, ಕಾಲ ಕೆಳಗೆ ಬೆಂಕಿ, ದೊಡ್ಡ ಕಿವಿ, ಒಂದು ಕೈ ಚೀಲವನ್ನು ಬಿಗಿಹಿಡಿದಿದೆ, ಇನ್ನೊಂದು ಮುಂದಕ್ಕೆ ಚಾಚಿದೆ. ಬಾಯಿಂದ ಹೊರಟ ಹಾವು ಹಿಂದಕ್ಕೆ ತಿರುಗಿ ಅವಳ ಕಣ್ಣಿಗೇ ಬರುತ್ತದೆ. ಇದಕ್ಕೆ ವಿವರಣೆ ಬೇಕೆ? ಚಂಚಲತೆ ನುಣುಪು ನೆಲದ ಮೇಲೆ ಚಕ್ರವೊಂದರ ಮೇಲಿಂದ ಜಾರುತ್ತಿರುವ ಹುಡುಗಿ, ಎರಡೂ ಕೈ ಗಾಳಿಯಲ್ಲಿ. ಕೋಪ ತನ್ನ ಎದೆಯ ಬಟ್ಟೆಯನ್ನು ತಾನೇ ಹರಿದುಕೊಳ್ಳುತ್ತದೆ. ಲ್ಯಾಟಿನ್ ಹೆಸರು ಸ್ತ್ರೀಲಿಂಗವಾದರೂ ಅನ್ಯಾಯವನ್ನು ಜೊತ್ತೊ ಹೆಂಗಸಾಗಿ ಬರೆಯಲಿಲ್ಲ. ಮುರುಕು ಕೋಟೆಬಾಗಿಲಲ್ಲಿ ಕೂತ ಮುದುಕನಾಗಿ ಬರೆದ. ಅವನ ಮುಂದೆ ಮರಗಳು ಬೆಳೆದುಬಿಟ್ಟಿವೆ, ಅಂದರೆ ಬಹಳ ಕಾಲದಿಂದ ಅವನು ಅಲ್ಲಿಂದ ಎದ್ದಿಲ್ಲ. ಕೆಳಗೆ ದಾರಿಹೋಕರ ಮೇಲೆ ದೌರ್ಜನ್ಯ ನಡೆದಿದೆ. ಎದುರಿಗಿರುವ ನ್ಯಾಯದ ಪೀಠದ ಕೆಳಗೆ ಜನ ಬೇಟೆಯಾಡುತ್ತ, ಕುಣಿಯುತ್ತ, ವ್ಯಾಪಾರಕ್ಕೆ ಹೋಗುತ್ತ ಇದ್ದಾರೆ. ನ್ಯಾಯವಿದ್ದರೆ ಜನ ಏನು ಮಾಡುತ್ತಾರೆ? ತಮ್ಮ ಕೆಲಸ ಮಾಡಿಕೊಂಡಿರುತ್ತಾರೆ. ಇದಕ್ಕಿಂತ ಸರಳವಾದ ರಾಜ್ಯಶಾಸ್ತ್ರವನ್ನು ನಾನು ಗೋಡೆಯ ಮೇಲೆ ಕಂಡಿಲ್ಲ.

ಇಲ್ಲೊಂದು ಅಡ್ಡಮಾತು. ಜೊತ್ತೊನ ನ್ಯಾಯದೇವಿಯ ಕಣ್ಣಿಗೆ ಬಟ್ಟೆಯಿಲ್ಲ. ಆ ಕಟ್ಟು ಬಂದದ್ದು ಸುಮಾರು ಎರಡು ಶತಮಾನ ತಡವಾಗಿ. 1494ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ಬ್ರಾಂಟನ ‘ಮೂರ್ಖರ ಹಡಗು’ ಪುಸ್ತಕದ ಮರದಚ್ಚಿನ ಚಿತ್ರವೊಂದರಲ್ಲಿ ಮೂರ್ಖನೊಬ್ಬ ಅವಳ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದಾನೆ. ಅದು ಗೇಲಿ. ಕಾಲಕ್ರಮದಲ್ಲಿ ಆ ಗೇಲಿಯೇ ನಿಷ್ಪಕ್ಷಪಾತದ ಲಾಂಛನವೆಂದು ಗಂಭೀರವಾಯಿತು. 2024ರಲ್ಲಿ ದೆಹಲಿಯ ಸರ್ವೋಚ್ಚ ನ್ಯಾಯಾಲಯದಲ್ಲಿ ಕಣ್ಣು ತೆರೆದ, ಕೈಯಲ್ಲಿ ಖಡ್ಗದ ಬದಲು ಸಂವಿಧಾನ ಹಿಡಿದ ನ್ಯಾಯದೇವಿಯ ಪ್ರತಿಮೆ ಬಂದಾಗ ಪತ್ರಿಕೆಗಳಲ್ಲಿ ಚರ್ಚೆಯೆದ್ದಿತು. ತಿಳಿದೋ ತಿಳಿಯದೆಯೋ ಅವಳು ಪಾದುವಾದ ಹಳೆಯ ರೂಪಕ್ಕೇ ಮರಳಿದ್ದಳು.

ಮತ್ತೆ ಬಡ್ಡಿಯ ಮಾತಿಗೆ. ಜೊತ್ತೊನ ಏಳು ದೋಷಗಳಲ್ಲಿ ಮೂರ್ಖತನವಿದೆ, ಅಪನಂಬಿಕೆಯಿದೆ, ನೇಣು ಹಾಕಿಕೊಂಡ ಹತಾಶೆಯೂ ಇದೆ. ಲೋಭಕ್ಕೆ ಮಾತ್ರ ಪ್ರತ್ಯೇಕ ಸ್ಥಾನವಿಲ್ಲ. ಬಡ್ಡಿಗಾರನ ಮಗನ ಮಂದಿರದಲ್ಲಿ ಇದು ದಾಕ್ಷಿಣ್ಯವೇ? ಹಾಗೆಂದು ತೀರ್ಮಾನಿಸುವ ಮೊದಲು ಇನ್ನೊಮ್ಮೆ ನೋಡಬೇಕು. ಅಸೂಯೆಯ ಕೈಯ ಚೀಲವನ್ನು ಕಂಡೆವು. ಅವಳ ಎದುರಿನ ಗೋಡೆಯಲ್ಲಿ ಔದಾರ್ಯದೇವಿ ತನ್ನ ಹೃದಯವನ್ನೇ ಮೇಲಕ್ಕೆ ನೀಡುತ್ತಾಳೆ. ಅವಳು ನಿಂತಿರುವುದು ಹಣದ ಚೀಲಗಳ ಮೇಲೆ. ಕೊನೆಯ ಗೋಡೆಯ ಅಂತಿಮ ತೀರ್ಪಿನ ಚಿತ್ರದಲ್ಲಿ, ಎನ್ರಿಕೊ ಮಂಡಿಯೂರಿ ಮಂದಿರದ ಮಾದರಿಯನ್ನು ಅರ್ಪಿಸುತ್ತಿರುವ ಅದೇ ಗೋಡೆಯಲ್ಲಿ, ತಮ್ಮ ಚೀಲದ ದಾರಗಳಿಂದಲೇ ನೇಣಿಗೆ ತೂಗುವ ಬಡ್ಡಿಗಾರರಿದ್ದಾರೆ. ಹೆಸರನ್ನು ಬರೆಯದೆ ಲೋಭವನ್ನು ಕಟ್ಟಡದ ತುಂಬ ಹರಡಿದ್ದಾರೆ. ಹಣ ಕೊಟ್ಟವನು ಅದನ್ನು ಬಯಸಿ ಬರೆಸಿದನೋ, ಬರೆದವನು ಸೇರಿಸಿದನೋ, ಗೋಡೆ ಹೇಳುವುದಿಲ್ಲ. ಕರಾಚ್ಚಿಯ ಚಾವಣಿ ಯಜಮಾನನನ್ನು ಹೊಗಳುತ್ತದೆ. ಈ ಗೋಡೆ ಯಜಮಾನನನ್ನು ಒಳಕ್ಕೆ ಕರೆದು ಅಲ್ಲೇ ನಿಲ್ಲಿಸುತ್ತದೆ. ಇಬ್ಬರಲ್ಲಿ ಯಾರು ದೊಡ್ಡ ಕಲಾವಿದ ಎಂದು ಕೇಳಿದರೆ ನನ್ನ ಉತ್ತರಕ್ಕೆ ಕಾರಣ ಇಲ್ಲಿದೆ.

ಹದಿನೆಂಟನೆಯ ಶತಮಾನದಲ್ಲಿ ಹರ್ಕ್ಯುಲಿಸನ ಕಥೆ ಪಾಠವಾಗಿ ಗಟ್ಟಿಯಾಯಿತು. ಇಂಗ್ಲೆಂಡಿನ ಶಾಫ್ಟ್ಸ್‌ಬರಿ ಎಂಬ ಪ್ರಭು, ದೇಹಸ್ಥಿತಿ ಕೆಟ್ಟು ನೇಪಲ್ಸಿನಲ್ಲಿದ್ದಾಗ, ಇದನ್ನು ಹೇಗೆ ಬರೆಯಬೇಕೆಂದು ಒಂದು ಪ್ರಬಂಧವನ್ನೇ ಬರೆದು, 1712ರಲ್ಲಿ ಪಾವೊಲೊ ದೆ ಮಾತೀಸ್ ಎಂಬವನಿಂದ ಅದರಂತೆ ಚಿತ್ರ ಬರೆಸಿದ. ಸದ್ಗುಣ ಮಾತನಾಡುತ್ತಿರಬೇಕು, ಭೋಗ ಮೌನವಾಗಿರಬೇಕು, ಹರ್ಕ್ಯುಲಿಸ್ ಇನ್ನೂ ತೊಳಲಾಡುತ್ತಿರಬೇಕು. ಆ ಕ್ಷಣವನ್ನೇ ಆರಿಸಬೇಕು. ಪ್ರಬಂಧದಲ್ಲಿ ಸೂಕ್ಷ್ಮವಿದೆ. ಆಕ್ಸ್‌ಫರ್ಡಿನಲ್ಲಿರುವ ಚಿತ್ರದಲ್ಲಿ ವಿಧೇಯತೆಯಿದೆ. ಅಪ್ಪಣೆ ಕೊಟ್ಟ ತೊಳಲಾಟ ತೊಳಲಾಟವಾಗುವುದಿಲ್ಲ.

ಇದನ್ನು ನೋಡಿ ನಕ್ಕವನು ಜೋಶುವಾ ರೆನಾಲ್ಡ್ಸ್. 1762ರಲ್ಲಿ ಪ್ರದರ್ಶನಕ್ಕಿಟ್ಟ ಅವನ ಚಿತ್ರದಲ್ಲಿ ಹರ್ಕ್ಯುಲಿಸನ ಜಾಗದಲ್ಲಿ ಲಂಡನ್ನಿನ ಹೆಸರಾಂತ ನಟ ಡೇವಿಡ್ ಗ್ಯಾರಿಕ್ ನಿಂತಿದ್ದಾನೆ. ಒಂದು ಕಡೆ ಕೈಯೆತ್ತಿ ಉಪದೇಶಿಸುವ ದುರಂತನಾಟಕದೇವಿ, ಇನ್ನೊಂದು ಕಡೆ ಅವನನ್ನು ಎಳೆಯುವ ಹಾಸ್ಯನಾಟಕದೇವಿ. ಗ್ಯಾರಿಕ್ ಹಾಸ್ಯದ ಕಡೆ ಹೊರಟೇಬಿಟ್ಟಿದ್ದಾನೆ. ಮುಖದಲ್ಲಿ ಮಾತ್ರ, ಏನು ಮಾಡಲಿ ತಾಯಿ, ಎಳೆಯುತ್ತಾಳೆ ಎಂಬ ನಗು. ಇನ್ನೂರೈವತ್ತು ವರ್ಷಗಳ ಸದುಪದೇಶದ ನಂತರ ಒಬ್ಬ ಹರ್ಕ್ಯುಲಿಸನಿಗೆ ಜನರ ಮುಖ ಬಂತು.

ಕೊನೆಯ ಚಿತ್ರ ಒಬ್ಬ ಹೆಂಗಸಿನದು, ಹೆಂಗಸೇ ಬರೆದದ್ದು. ಸ್ವಿಟ್ಜರ್ಲೆಂಡಿನ ಕೂರ್‌ನಲ್ಲಿ 1741ರಲ್ಲಿ ಹುಟ್ಟಿದ ಆಂಜೆಲಿಕಾ ಕೌಫ್‌ಮನ್ ಚಿಕ್ಕಂದಿನಲ್ಲೇ ಚಿತ್ರ, ಹಾಡುಗಾರಿಕೆ ಎರಡರಲ್ಲೂ ಹೆಸರು ಮಾಡಿದ್ದವಳು. 1768ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಹುಟ್ಟಿದಾಗ ಸ್ಥಾಪಕ ಸದಸ್ಯರಲ್ಲಿದ್ದ ಇಬ್ಬರೇ ಸ್ತ್ರೀಯರಲ್ಲಿ ಒಬ್ಬಳು. ಆ ಸದಸ್ಯರ ಸಮೂಹಚಿತ್ರವನ್ನು ಜೊಫಾನಿ ಬರೆದಾಗ, ನಗ್ನ ಮಾದರಿಯಿರುವ ಕೋಣೆಯಲ್ಲಿ ಹೆಂಗಸರಿರುವುದು ಸಲ್ಲದೆಂದು, ಗಂಡಸರೆಲ್ಲ ಕುಳಿತು ನಿಂತು ಮಾತನಾಡುತ್ತಿದ್ದರೆ ಈ ಇಬ್ಬರನ್ನು ಗೋಡೆಗೆ ತೂಗುಹಾಕಿದ ಭಾವಚಿತ್ರಗಳಾಗಿಸಿದ! ಅಂದರೆ ಪ್ರತಿಮೆಯಾಗುವುದು ಎಂದರೇನೆಂದು ಅವಳಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಐವತ್ತರ ಹೊಸ್ತಿಲಲ್ಲಿ, ರೋಮಿನಲ್ಲಿ ನೆಲೆಸಿದ್ದ ಕಾಲದಲ್ಲಿ, ಅವಳು ಹರ್ಕ್ಯುಲಿಸನ ಜಾಗದಲ್ಲಿ ತನ್ನನ್ನೇ ನಿಲ್ಲಿಸಿಕೊಂಡಳು. 1791ರ ಒಂದು ಚಿತ್ರ ಮಾಸ್ಕೊದಲ್ಲಿದೆ, 1794ರ ಇನ್ನೊಂದು ಇಂಗ್ಲೆಂಡಿನ ನಾಸ್ಟೆಲ್ ಭವನದಲ್ಲಿದೆ. ನಡುವೆ ಬಿಳಿಯ ಉಡುಪಿನಲ್ಲಿ ಎಳೆಯ ವಯಸ್ಸಿನ ಆಂಜೆಲಿಕಾ. ಒಂದು ಪಕ್ಕದಲ್ಲಿ ಸಂಗೀತದೇವಿ, ಮಡಿಲಲ್ಲಿ ಸ್ವರಲಿಪಿಯ ಹಾಳೆ. ಇನ್ನೊಂದು ಪಕ್ಕದಲ್ಲಿ ಚಿತ್ರಕಲಾದೇವಿ, ದೂರದ ಬೆಟ್ಟದ ಮೇಲಿನ ಗುಡಿಯನ್ನು ತೋರಿಸುತ್ತಿದ್ದಾಳೆ. ಬೆಟ್ಟ, ಬೆರಳು, ಕುಳಿತವಳು, ನಿಂತವಳು, ಎಲ್ಲ ಕರಾಚ್ಚಿಯ ಮನೆತನದ್ದೇ. ಆದರೆ ಕೆಟ್ಟವಳು ಎಲ್ಲಿ? ಸಂಗೀತದೇವಿಯ ಮುಖದಲ್ಲಿ ಬಣ್ಣವಿಲ್ಲ, ಉಗುರಿಲ್ಲ, ಚೂರಿಯಿಲ್ಲ. ಹುಡುಗಿ ಹೋಗುತ್ತಾಳಲ್ಲ ಎಂಬ ಬೇಸರವಿದೆ. ಸದ್ಗುಣ ಮತ್ತು ಪ್ರಲೋಭನೆಗಳ ಹಳೆಯ ಚೌಕಟ್ಟಿನೊಳಗೆ ಅವಳು ಎರಡು ಒಳ್ಳೆಯವುಗಳನ್ನು ಇಟ್ಟಳು. ಊರು ಬಿಟ್ಟು ಬಂದು ಈ ನಗರಗಳಲ್ಲಿ ಮನೆ ಮಾಡಿರುವ ನಮ್ಮಲ್ಲಿ ಯಾರ ಮುಂದೆಯೂ ಭೋಗದೇವಿ ಬಣ್ಣ ಬಳಿದುಕೊಂಡು ನಿಂತದ್ದಿಲ್ಲ. ಊರಿನ ಜಮೀನೋ ಇಲ್ಲಿಯ ನೌಕರಿಯೋ, ಮಗಳ ವೀಣೆಯೋ ಇಂಜಿನಿಯರಿಂಗ್ ಪ್ರವೇಶಪರೀಕ್ಷೆಯೋ ಎಂಬ ಬಗೆಯ ಆಯ್ಕೆಗಳೇ ಬಂದಿವೆ. ಅಲ್ಲಿಯೂ ಯಾವುದಕ್ಕೆ ಸದ್ಗುಣವೆಂದು ಹೆಸರಿಡಬೇಕೆಂಬುದನ್ನು ಸಾಮಾನ್ಯವಾಗಿ ತಂದೆತಾಯಿ ಮೊದಲೇ ನಿರ್ಧರಿಸಿರುತ್ತಾರೆ.

ಚಿತ್ರದಲ್ಲಿ ಗಮನಿಸಬೇಕಾದದ್ದು ಕೈಗಳು. ಆಂಜೆಲಿಕಾ ಹೊರಟಿರುವುದು ಗುಡಿಯ ಕಡೆಗೆ, ಅದರಲ್ಲಿ ಅನುಮಾನವಿಲ್ಲ. ಒಂದು ಕೈ ಚಿತ್ರಕಲಾದೇವಿಯ ಕಡೆಗೆ ತೆರೆದಿದೆ, ಕ್ಷಮೆ ಕೇಳುವ ಹಾಗೆ, ಸ್ವಲ್ಪ ತಾಳು ಎನ್ನುವ ಹಾಗೆ. ಇನ್ನೊಂದು ಕೈ ಸಂಗೀತದೇವಿಯ ಕೈಯಲ್ಲಿದೆ. ಯಾರು ಯಾರ ಕೈಯನ್ನು ಒತ್ತಿ ಹಿಡಿದಿದ್ದಾರೆಂದು ಹೇಳುವುದು ಸುಲಭವಲ್ಲ. ಪ್ರೋಡಿಕಸನ ಕಥೆಯನ್ನು ಬರೆದಿಟ್ಟ ಕ್ಸೆನೊಫನ್, ಹರ್ಕ್ಯುಲಿಸ್ ಕೊನೆಗೆ ಏನೆಂದ ಎಂಬುದನ್ನು ಹೇಳುವುದೇ ಇಲ್ಲ. ಸದ್ಗುಣದೇವಿಯ ಮಾತು ಮುಗಿದಲ್ಲಿಗೆ ಕಥೆ ನಿಲ್ಲುತ್ತದೆ. ಎರಡು ಸಾವಿರ ವರ್ಷಗಳಾದ ಮೇಲೆ ಬಂದ ಈ ಚಿತ್ರ ಅಲ್ಲಿಂದ ಮುಂದಿನದು: ಆಯ್ಕೆ ಆಗಿದೆ, ಕೈ ಇನ್ನೂ ಬಿಟ್ಟಿಲ್ಲ.